ಸಡ್ಬರಿಯ ಅದಿರಿನಲ್ಲಿ ಪೆಂಟ್ಲಾಂಡೈಟ್ ಕಂಡ ದಿನ

ಕೆನಡಾದ ಸಡ್ಬರಿಯ ಅದಿರಿನ ತುಂಡೊಂದನ್ನು ಪ್ರಯೋಗಾಲಯದಲ್ಲಿ ಕೈಗೆತ್ತಿಕೊಂಡಾಗ ಮೊದಲು ಗಮನಕ್ಕೆ ಬಂದದ್ದು ಅದರ ಭಾರ. ಒಡೆದ ಮೈಯೆಲ್ಲ ಕಂಚಿನ ಬಣ್ಣ. ಅಲ್ಲಲ್ಲಿ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತಿದ್ದುದು ತಾಮ್ರದ ಅದಿರಾದ ಚಾಲ್ಕೋಪೈರೈಟ್. ನಾನು ಹುಡುಕುತ್ತಿದ್ದ ಪೆಂಟ್ಲಾಂಡೈಟ್ ಕಬ್ಬಿಣ, ನಿಕಲ್, ಗಂಧಕಗಳು ಕೂಡಿದ ಖನಿಜ. ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ನಿಕಲ್. ಆದರೆ ಸುತ್ತಲಿನ ಪಿರೊಟೈಟ್ ಎಂಬ ಕಬ್ಬಿಣದ ಸಲ್ಫೈಡಿಗೂ (ಗಂಧಕ ಕೂಡಿದ ಸಂಯುಕ್ತ) ಹೆಚ್ಚುಕಡಿಮೆ ಅದೇ ಬಣ್ಣವಿರುವುದರಿಂದ ಬರಿಗಣ್ಣಿಗೆ ಅದು ಸುಲಭವಾಗಿ ದಕ್ಕುವುದಿಲ್ಲ.

ಒಂದು ಚೂರನ್ನು ಕುಟ್ಟಿ, ಪುಡಿಯ ಮೇಲೆ ಕಾಗದ ಸುತ್ತಿದ ಅಯಸ್ಕಾಂತವನ್ನು ಆಡಿಸಿದೆ. ಪಿರೊಟೈಟಿನ ಕಣಗಳು ಎದ್ದು ಅಂಟಿಕೊಂಡವು. ಅಯಸ್ಕಾಂತಕ್ಕೆ ಒಲಿಯದ ಪೆಂಟ್ಲಾಂಡೈಟ್ ಚಾಲ್ಕೋಪೈರೈಟಿನೊಡನೆ ಕೆಳಗೇ ಉಳಿಯಿತು. ಅದಿರು ಸಂಸ್ಕರಣೆಯಲ್ಲಿಯೂ ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ.

ನಿಜವಾದ ಸೊಬಗು ಕಂಡದ್ದು ನುಣುಪುಗೊಳಿಸಿದ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ. ಪ್ರತಿಫಲಿತ ಬೆಳಕಿನಲ್ಲಿ ಪಿರೊಟೈಟ್ ತುಸು ಗುಲಾಬಿ ಬೆರೆತ ಕಂದಾಗಿಯೂ ಪೆಂಟ್ಲಾಂಡೈಟ್ ಅದಕ್ಕಿಂತ ಪ್ರಕಾಶಮಾನವಾದ ಕೆನೆಬಣ್ಣದಲ್ಲಿಯೂ ಕಂಡವು. ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸುವ ಎರಡು ಪೋಲರೈಸರುಗಳನ್ನು ಒಂದಕ್ಕೊಂದು ಅಡ್ಡಹಾಕಿ, ತುಂಡಿಟ್ಟ ವೇದಿಕೆಯನ್ನು ತಿರುಗಿಸಿದರೆ ಪಿರೊಟೈಟ್ ಬಣ್ಣ ಬದಲಿಸುತ್ತ ಹೋಗುತ್ತದೆ, ಘನಾಕೃತಿ ವರ್ಗದ ಹರಳಾದ್ದರಿಂದ ಎಲ್ಲ ದಿಕ್ಕಿನಲ್ಲೂ ಬೆಳಕಿಗೆ ಒಂದೇ ಬಗೆಯಾಗಿರುವ ಪೆಂಟ್ಲಾಂಡೈಟ್ ಮಾತ್ರ ಕತ್ತಲಾಗಿಯೇ ಇರುತ್ತದೆ. ಅದರ ಮೈಮೇಲೆ ಅಲ್ಲಲ್ಲಿ ಪುಟ್ಟ ತ್ರಿಕೋನದ ಕುಳಿಗಳಿದ್ದವು. ಅಷ್ಟಮುಖಿಯ ಮುಖಗಳಿಗೆ ಸಮಾನಾಂತರವಾಗಿ ಸೀಳುವ ಗುಣದಿಂದ ಹೊಳಪು ಕೊಡುವಾಗ ಕಿತ್ತುಬಂದ ಜಾಗಗಳವು.

ಸುಮಾರು 185 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಅಪ್ಪಳಿಸಿ ಸಡ್ಬರಿಯ ನೆಲದ ಶಿಲೆ ಕರಗಿತು. ಎಣ್ಣೆ ನೀರಿನಿಂದ ಬೇರಾಗುವ ಹಾಗೆ ಸಲ್ಫೈಡ್ ದ್ರವ ಶಿಲಾದ್ರವದಿಂದ ಬೇರ್ಪಟ್ಟು, ಭಾರವಾದ್ದರಿಂದ ತಳಕ್ಕಿಳಿಯಿತು. 1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲುಮಾರ್ಗ ಹಾಕುವಾಗ ಜನರ ಕಣ್ಣಿಗೆ ಬಿದ್ದದ್ದು ಆ ತಳದ ಅದಿರೇ. ದ್ರವ ಗಟ್ಟಿಯಾದಾಗ ಕಬ್ಬಿಣ, ನಿಕಲ್ ಎರಡೂ ಒಂದೇ ಘನವಸ್ತುವಿನಲ್ಲಿ ಬೆರೆತಿದ್ದವು. ಅದು ಮತ್ತಷ್ಟು ತಣಿದಂತೆ, ಕಲ್ಲು ಕಲ್ಲಾಗಿಯೇ ಇದ್ದು, ನಿಕಲ್ ಸರಿದು ಬಂದು ಪೆಂಟ್ಲಾಂಡೈಟ್ ಆಗಿ ಬೇರ್ಪಟ್ಟಿತು. ಘನದೊಳಗೇ ನಡೆದ ಈ ಸಂಚಾರವನ್ನು ಪುಸ್ತಕದಲ್ಲಿ ಓದಿದ್ದರೂ, ಪಿರೊಟೈಟ್ ಹರಳುಗಳ ಅಂಚಿನಲ್ಲಿ ಪೆಂಟ್ಲಾಂಡೈಟಿನ ದಪ್ಪ ಕಣಗಳು ಸಾಲುಗಟ್ಟಿರುವುದನ್ನೂ ಒಳಗೆ ಬೆಂಕಿಯ ನಾಲಿಗೆಯ ಆಕಾರದ, ಕೂದಲಿಗಿಂತ ತೆಳುವಾದ ಅದರ ‘ಜ್ವಾಲೆಗಳು’ ಚಾಚಿರುವುದನ್ನೂ ಕಂಡ ಮೇಲೆ ಅದು ನನಗೆ ಮನದಟ್ಟಾಯಿತು. ಅಂಚಿನ ಕಣಗಳು ಅದಿರನ್ನು ಅರೆದಾಗ ಬಿಡಿಯಾಗಿ ಸಿಗುತ್ತವೆ. ಜ್ವಾಲೆಗಳಾದರೋ ಎಷ್ಟು ನುಣ್ಣಗೆ ಅರೆದರೂ ಪೂರ್ತಿ ಬಿಡಿಸಿಕೊಳ್ಳದೆ, ಒಂದಿಷ್ಟು ನಿಕಲನ್ನು ಪಿರೊಟೈಟಿನೊಂದಿಗೇ ತ್ಯಾಜ್ಯಕ್ಕೆ ಒಯ್ಯುತ್ತವೆ.