ಸೊಟ್ಟ ರಿಬ್ಬಿನ ಪಡಿಯಚ್ಚು

ರಿಬ್ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಬೆಳಕಿಗೆ ಹಿಡಿದು ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದೆ. "ಇದೇನು, ಮೀನಿನ ತಲೆಯಾ?" ಅಂತ ಉತ್ತರ ಬಂತು. ಸುಳ್ಳೇನಲ್ಲ. ರಿಬ್ ಎಂದರೆ ವಿಮಾನದ ರೆಕ್ಕೆಗೆ ಒಳಗಿನಿಂದ ಆಕಾರ ಕೊಡುವ ತಗಡಿನ ಪಕ್ಕೆಲುಬು. ರೆಕ್ಕೆಯ ಮುಂಭಾಗದ ರಿಬ್ ನೋಡಲು ಹಾಗೇ ಇರುತ್ತದೆ. ಮುಂದೆ ಮೊಂಡು ಮೂಗು, ಮೇಲೆ ಉಬ್ಬು, ಕೆಳಗೆ ಹೆಚ್ಚುಕಡಿಮೆ ಚಪ್ಪಟೆ, ನಡುವೆ ತೂಕ ಇಳಿಸಲು ಕೊರೆದ ಒಂದು ದುಂಡನೆಯ ತೂತು, ಥೇಟ್ ಕಣ್ಣು. ಮೂರು ವಾರಾಂತ್ಯಗಳನ್ನು ಅದಕ್ಕೆ ಸುರಿದಿದ್ದೆ. ಫೋಟೋ ಕಳಿಸಿದ ಅರ್ಧ ಗಂಟೆಯಲ್ಲಿ ಆ ರಿಬ್ ವಿಮಾನಕ್ಕೆ ಬಾರದ್ದು ಎಂದು ಗೊತ್ತಾಯಿತು.

ನಾನೂ ಗೆಳೆಯನೂ ಸೇರಿ ಬಿಚ್ಚಿ ಕಟ್ಟುತ್ತಿರುವುದು 1946ರ ಒಂದು ಸೆಸ್ನಾ 140. ಯುದ್ಧ ಮುಗಿದು, ಸೈನ್ಯದಲ್ಲಿ ವಿಮಾನ ಹಾರಿಸಲು ಕಲಿತವರೆಲ್ಲ ಊರಿಗೆ ಮರಳಿ ತಮ್ಮದೇ ಒಂದು ವಿಮಾನ ಕೊಳ್ಳುತ್ತಾರೆ ಎಂದು ಅಮೆರಿಕದ ಕಂಪನಿಗಳು ನಂಬಿಕೊಂಡಿದ್ದ ಕಾಲದ ಯಂತ್ರ. ಅಕ್ಕಪಕ್ಕ ಇಬ್ಬರಿಗೆ ಜಾಗ, 85 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಾಲದಡಿ ಒಂದು ಪುಟ್ಟ ಗಾಲಿ. ಇದರ 120, 140, 140ಎ ಮಾದರಿಗಳು ಮೂರೂ ಸೇರಿ ಏಳೂವರೆ ಸಾವಿರಕ್ಕೂ ಹೆಚ್ಚು ತಯಾರಾದವು. ಒಡಲೆಲ್ಲ ಅಲ್ಯುಮಿನಿಯಂ, ರೆಕ್ಕೆಯ ಒಳಗಿನ ಎಲುಬೂ ಅಲ್ಯುಮಿನಿಯಂ, ಆದರೆ ರೆಕ್ಕೆಯ ಹೊದಿಕೆ ಮಾತ್ರ ಬಟ್ಟೆ. ಬಟ್ಟೆ ಎಂದರೆ ನಿಜವಾಗಿಯೂ ಬಟ್ಟೆಯೇ. ಆ ಕಾಲದಲ್ಲಿ ಹತ್ತಿ, ಈಗ ಪಾಲಿಯೆಸ್ಟರ್. ಅಂಟಿಸಿದ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಕುಗ್ಗಿ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಮುಂದಿನ ಗಾಲಿಗಳನ್ನು ಹೊತ್ತ ಕಾಲುಗಳಿಗೆ ಸುರುಳಿ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಬಾಗಿಸಿದ ಉಕ್ಕಿನ ಪಟ್ಟಿಯೇ ಎಲ್ಲ. ರೇಸಿಂಗ್ ವಿಮಾನ ಕಟ್ಟುತ್ತಿದ್ದ ಸ್ಟೀವ್ ವಿಟ್‌ಮನ್ ಎಂಬಾತನ ಉಪಾಯ ಅದು, ಸೆಸ್ನಾ ಅದರ ಹಕ್ಕು ಕೊಂಡಿತ್ತು. ಇಡೀ ವಿಮಾನದಲ್ಲಿ ನಾವು ಏನೂ ಮಾಡಬೇಕಿಲ್ಲದ ಭಾಗ ಅದೊಂದೇ. ಅದಕ್ಕೇ ಅದರ ಮೇಲೆ ನನಗೆ ವಿಶೇಷ ಪ್ರೀತಿ.

ರೆಕ್ಕೆಯ ಹಳೆಯ ಬಟ್ಟೆ ಕೊಯ್ದು ತೆಗೆದಾಗ ಮೊದಲು ಸಿಕ್ಕಿದ್ದು ಇಲಿಗೂಡು. ಹಳೇ ವಿಮಾನದವರಿಗೆ ಇದು ಹೊಸದಲ್ಲ. ಇಲಿ ಬಟ್ಟೆ ಕಡಿಯುವುದಕ್ಕಿಂತ ಅದರ ಮೂತ್ರ ದೊಡ್ಡ ತಲೆನೋವು. ಅಲ್ಯುಮಿನಿಯಂ ಮೇಲೆ ವರ್ಷಗಟ್ಟಲೆ ನಿಂತರೆ ತಗಡು ಬಿಳಿ ಪುಡಿಯಾಗಿ ಉದುರುತ್ತದೆ. ಎಡರೆಕ್ಕೆಯ ತುದಿಯಿಂದ ಮೂರನೆಯ ಮುಂಭಾಗದ ರಿಬ್ಬಿನ ಕೆಳಗಿನ ಮಡಿಕೆ, ಅಂದರೆ ಮಡಿಸಿದ ಅಂಚು, ಹಾಗೆ ತಿಂದುಹೋಗಿತ್ತು, ಜೊತೆಗೆ ಆ ಕಣ್ಣಿನ ತೂತಿನಿಂದ ಹೊರಟ ಒಂದು ಸೀಳು. ಹುಡುಕಿದ್ದರೆ ಎಲ್ಲಾದರೂ ಬದಲಿ ಭಾಗ ಸಿಗುತ್ತಿತ್ತೇನೋ. ನನಗೆ ಮಾಡುವ ಚಪಲ. ಈ ವಿಮಾನ ನೋಂದಣಿಯಾಗಿರುವ ಅಮೆರಿಕದ ನಿಯಮದಲ್ಲಿ ಮಾಲೀಕ ತನ್ನ ವಿಮಾನಕ್ಕೆ ಬೇಕಾದ ಭಾಗವನ್ನು ತಾನೇ ತಯಾರಿಸಿಕೊಳ್ಳಬಹುದು. ಆದರೆ ಅದು ಮೂಲ ವಿನ್ಯಾಸಕ್ಕೆ ಸರಿಹೊಂದುತ್ತದೆ ಎಂದು ತೋರಿಸಬೇಕು. ಈ ಎರಡನೆಯ ಮಾತನ್ನು ನಾನು ಓದಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ.

ನಮ್ಮ ಕೆಲಸ ಪರೀಕ್ಷಿಸಿ ಸಹಿ ಹಾಕುವವರು ಒಬ್ಬ ಹಿರಿಯ ಮೆಕ್ಯಾನಿಕ್. ನಾವಿಬ್ಬರೂ ಅವರನ್ನು ಮೇಷ್ಟ್ರು ಅನ್ನುತ್ತೇವೆ. ಯಾವಾಗಲಾದರೊಮ್ಮೆ ಬರುತ್ತಾರೆ, ನೋಡುತ್ತಾರೆ, ಹೆಚ್ಚು ಮಾತಿಲ್ಲ. ಅವರ ಹುಬ್ಬು ಏರಿದರೆ ನಮ್ಮ ಎರಡು ವಾರ ಹೋಯಿತು ಅಂತ ಲೆಕ್ಕ.

ರಿಬ್ ಬಿಚ್ಚಲು ರಿವೆಟ್ಟುಗಳನ್ನು ಕೊರೆದು ತೆಗೆಯಬೇಕು. ವಿಮಾನದ ಸಾಮಾನ್ಯ ಎಡಿ ಜಾತಿಯ ರಿವೆಟ್ಟಿನ ತಲೆಯ ಮಧ್ಯೆ ಒಂದು ಸಣ್ಣ ಕುಳಿ ಇರುತ್ತದೆ. ಡ್ರಿಲ್ಲಿನ ಮೊನೆ ಅಲ್ಲಿ ಕೂತರೆ ಜಾರುವುದಿಲ್ಲ. ತಲೆಯಷ್ಟನ್ನೇ ಕೊರೆದು, ಪಂಚ್ ಇಟ್ಟು ತಟ್ಟಿದರೆ ತಲೆ ಟಪ್ಪೆಂದು ಹಾರುತ್ತದೆ. ಐದಾರು ಹೀಗೆ ಹೋದವು. ಆಮೇಲೆ ಸಿಕ್ಕ ನಾಲ್ಕಕ್ಕೆ ಕುಳಿ ಇರಲಿಲ್ಲ, ನಡುವೆ ತೂತೇ ಇತ್ತು. ಪಾಪ್ ರಿವೆಟ್, ಡಬ್ಬಿ ರಿಪೇರಿಗೆ ಹೊಡೆಯುವಂಥದ್ದು. ಆ ರಿಬ್ಬಿನ ಮೇಲೆ ಮಾತ್ರ ಕಾರ್ಖಾನೆಯ ಪ್ರೈಮರಿನ ಬಣ್ಣ ಇರಲಿಲ್ಲ ಎನ್ನುವುದೂ ಕಣ್ಣಿಗೆ ಬಿತ್ತು. "ಯಾರೋ ಹಿಂದೆ ಕೈ ಹಾಕಿದ್ದಾರೆ ಕಣೋ" ಅಂದ ಗೆಳೆಯ. "ಎಲ್ಲಾ ಹಳೇ ವಿಮಾನಕ್ಕೂ ಯಾರಾದರೂ ಕೈ ಹಾಕಿರ್ತಾರೆ" ಅಂದೆ ನಾನು, ಭಾರೀ ತಿಳಿದವನ ಹಾಗೆ.

ಅಲ್ಲಿಂದ ಮುಂದಿನದು ಸುಖದ ಕೆಲಸ. ಹಳೆಯ ರಿಬ್ಬನ್ನು ಗಟ್ಟಿಮರದ ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದೆ, ಮಡಿಕೆಯ ದಪ್ಪ ಕಳೆದು ಒಳಗೆ ಇನ್ನೊಂದು ಗೆರೆ, ಅದರ ಮೇಲೆ ಗರಗಸ. ಹೀಗೆ ಒಂದು ಅಚ್ಚು, ಅದೇ ಆಕಾರದ ಒಂದು ಮುಚ್ಚಳ. ತಗಡನ್ನು ಎರಡರ ನಡುವೆ ಬಿಗಿದು, ಹೊರಗೆ ಚಾಚಿದ ಅಂಚನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಅಚ್ಚಿನ ಪಕ್ಕಕ್ಕೆ ತಟ್ಟುತ್ತ ಮಡಿಸುವುದು. ಕೇಳಲು ಇಷ್ಟೇ. ಆದರೆ ತಗಡು ಮಡಿಸಿದ ಮೇಲೆ ಒಂದಿಷ್ಟು ಹಿಂದಕ್ಕೆ ಸಿಡಿಯುತ್ತದೆ, ಆದ್ದರಿಂದ ಅಚ್ಚಿನ ಪಕ್ಕವನ್ನು ಎರಡು-ಮೂರು ಡಿಗ್ರಿ ಒಳಕ್ಕೆ ಓರೆ ಮಾಡಿರಬೇಕು. ಅಂಚಿನ ಮೂಲೆ ದುಂಡಗಿರಬೇಕು. ತಗಡಿನ ಮೇಲೆ ಗುರುತು ಹಾಕಲು ಸೀಸದ ಕಡ್ಡಿ ಮುಟ್ಟಕೂಡದು. ಗ್ರ್ಯಾಫೈಟ್ ಉಳಿದ ಗೆರೆಯಲ್ಲೇ ಮುಂದೆ ತುಕ್ಕು ಕೂರುತ್ತದೆ. ಮೊಳೆಯಿಂದ ಗೀಚುವುದಂತೂ ಇಲ್ಲವೇ ಇಲ್ಲ, ಏಕೆಂದರೆ ಈ ತಗಡಿನ ಎರಡೂ ಮೈಗೆ ಕಾವಲಾಗಿ ಶುದ್ಧ ಅಲ್ಯುಮಿನಿಯಮ್ಮಿನ ತೆಳು ಪದರ ಇರುತ್ತದೆ. ಮಾರ್ಕರ್ ಪೆನ್ನೇ ಗತಿ.

ಮೊದಲ ರಿಬ್ ಸೀಳಿತು. ತಂದದ್ದು 2024-ಟಿ3 ಎಂಬ ಅಲ್ಯುಮಿನಿಯಂ ಮಿಶ್ರಲೋಹ, ಅಂದರೆ ಆಗಲೇ ಗಟ್ಟಿಯಾದ ತಗಡು. ಮಡಿಕೆಯ ದುಂಡು ತಗಡಿನ ದಪ್ಪದ ಮೂರು-ನಾಲ್ಕು ಪಟ್ಟಾದರೂ ಇರಬೇಕಿತ್ತು. ನಾನು ಅಚ್ಚಿನ ಮೂಲೆಗೆ ಉಪ್ಪುಕಾಗದ ನಾಲ್ಕು ಬಾರಿ ಉಜ್ಜಿ ಆಯಿತು ಅಂದುಕೊಂಡಿದ್ದೆ. ಮೂಗಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಓಡಿತು. ಅಸಿಟಲೀನ್ ಹೊಗೆಯಿಂದ ತಗಡಿಗೆ ಮಸಿ ಹಿಡಿಸಿ, ಮಸಿ ಸುಟ್ಟುಹೋಗುವವರೆಗೆ ಕಾಯಿಸಿ ಮೆತ್ತಗೆ ಮಾಡುವ ಹಳೆಯ ಉಪಾಯವೊಂದಿದೆ. ಕೇಳಿದೆ. ಮೇಷ್ಟ್ರ ಹುಬ್ಬು ಏರಿತು. ಮೆತ್ತಗಾದದ್ದನ್ನು ಮತ್ತೆ ಗಟ್ಟಿ ಮಾಡುವವರು ಯಾರು?

ಹಾಗಾಗಿ ಮೆತ್ತನೆಯ 2024-ಓ ತಗಡು ತರಿಸಿದೆ. ಅದು ಬೆಣ್ಣೆ. ಮೂಗಿನ ಉಬ್ಬು ಸುತ್ತಿನಲ್ಲಿ ಮಡಿಸುವಾಗ ಹೊರಗಿನ ಅಂಚಿನ ಲೋಹ ಹೆಚ್ಚಾಗಿ ಮಿಕ್ಕುತ್ತದೆ, ಎಲ್ಲಿ ಹೋಗಬೇಕು ತಿಳಿಯದೆ ಸುಕ್ಕುಗಟ್ಟುತ್ತದೆ, ಇಡೀ ರಿಬ್ ಬಾಳೆಲೆಯ ಹಾಗೆ ಬಾಗುತ್ತದೆ. ಅದಕ್ಕೆ ಒಂದು ವಿಚಿತ್ರ ಇಕ್ಕಳ ಇದೆ. ರಿವೆಟ್ ತೂತುಗಳು ಬರುವ ಜಾಗ ಬಿಟ್ಟು, ನಡುನಡುವೆ ಅದರಿಂದ ಹಿಂಡಿದರೆ ಲಂಗದ ನೆರಿಗೆಯ ಹಾಗೆ ಮಿಕ್ಕ ಲೋಹವೆಲ್ಲ ಅಲ್ಲಿ ಸೇರಿಕೊಂಡು ಬಾಗು ಬಿಡುತ್ತದೆ. ಒಂದು ಹಿಂಡು, ಮೇಜಿನ ಮೇಲಿಟ್ಟು ನೋಡು, ಇನ್ನೊಂದು ಹಿಂಡು. ಆ ಮಧ್ಯಾಹ್ನ ಊಟ ಮರೆತಿದ್ದೆ.

ಆಮೇಲೆ ಅದನ್ನು ಶಾಖ ಕೊಡುವ ಕಾರ್ಖಾನೆಗೆ ಕಳಿಸಬೇಕು. ಸುಮಾರು 493 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿಟ್ಟು, ಕ್ಷಣವೂ ತಡಮಾಡದೆ ನೀರಿಗದ್ದುತ್ತಾರೆ. ನೀರಿನಿಂದ ಎದ್ದಾಗ ಲೋಹ ಇನ್ನೂ ಮೆತ್ತಗೇ ಇರುತ್ತದೆ. ಆದರೆ ಗಡಿಯಾರ ಓಡಲು ಶುರು. ಅರ್ಧ ಗಂಟೆಯೊಳಗೆ ಬಿಗಿಯತೊಡಗಿ, ನಾಲ್ಕು ದಿನದಲ್ಲಿ ಪೂರ್ತಿ ಗಟ್ಟಿಯಾಗುತ್ತದೆ, ಸುಮ್ಮನೆ ಕೋಣೆಯ ಬಿಸಿಯಲ್ಲಿ. ಇದನ್ನು 20ನೇ ಶತಮಾನದ ಆರಂಭದಲ್ಲಿ ಕಂಡುಕೊಂಡವನು ಜರ್ಮನಿಯ ಆಲ್ಫ್ರೆಡ್ ವಿಲ್ಮ್. ರಜೆಗೆ ಮುಂಚೆ ಅಳೆದ ತುಂಡು ರಜೆ ಮುಗಿಸಿ ಬಂದು ಅಳೆದಾಗ ಹೆಚ್ಚು ಗಟ್ಟಿಯಾಗಿತ್ತು ಎಂದು ಕಥೆ ಹೇಳುತ್ತಾರೆ. ತಣ್ಣಗಿಟ್ಟರೆ ಈ ಗಡಿಯಾರ ನಿಧಾನವಾಗುತ್ತದೆ. ನಮ್ಮ ರಿಬ್ ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಬಂತು. ನೀರಿಗದ್ದಿದಾಗ ಸೊಟ್ಟಗಾದದ್ದನ್ನು ಬಿರಬಿರನೆ ತಟ್ಟಿ ನೇರ ಮಾಡಿ, ನಾಲ್ಕು ದಿನ ಮುಟ್ಟದೆ ಬಿಟ್ಟೆ. ಐದನೆಯ ದಿನ ಬೆರಳಲ್ಲಿ ತಟ್ಟಿದರೆ ದನಿಯೇ ಬೇರೆ. ಫೋಟೋ ತೆಗೆದದ್ದು ಆಗ.

ಅಂದು ಮೇಷ್ಟ್ರು ಬರುವ ದಿನ. ಅವರು ಬರುವಷ್ಟರಲ್ಲಿ ರಿಬ್ಬನ್ನು ಸ್ಪಾರಿಗೆ, ಅಂದರೆ ರೆಕ್ಕೆಯ ಉದ್ದಕ್ಕೂ ಓಡುವ ಮುಖ್ಯ ತೊಲೆಗೆ, ಕ್ಲೀಕೋ ಹಾಕಿ ಕೂರಿಸಿದ್ದೆ. ರಿವೆಟ್ ಹೊಡೆಯುವ ಮುಂಚೆ ತೂತುಗಳನ್ನು ಹಿಡಿದಿಡುವ ಪುಟ್ಟ ಸ್ಪ್ರಿಂಗ್ ಗೂಟಗಳವು, ನಮ್ಮ ಅಳತೆಗೆ ತಾಮ್ರದ ಬಣ್ಣದವು. ಸಾಲಾಗಿ ಹೊಳೆಯುತ್ತಿದ್ದವು. ಮೇಷ್ಟ್ರು ಬಂದರು, ಕನ್ನಡಕ ಏರಿಸಿದರು, ಮಡಿಕೆಯ ಮೇಲೆ ಹೆಬ್ಬೆರಳು ಎಳೆದರು. "ನೆರಿಗೆ ಚೆನ್ನಾಗಿ ಬಿದ್ದಿದೆ" ಅಂದರು. ಅವರ ಬಾಯಿಂದ ಅದು ಪ್ರಶಸ್ತಿ. ಆಮೇಲೆ ಜೇಬಿನಿಂದ ಒಂದು ದಾರದುಂಡೆ ತೆಗೆದು, ಒಂದು ತುದಿ ಗೆಳೆಯನ ಕೈಗೆ ಕೊಟ್ಟು ರೆಕ್ಕೆಯ ಬುಡಕ್ಕೆ ಕಳಿಸಿದರು. ಇನ್ನೊಂದು ತುದಿ ಅವರೇ ಹಿಡಿದು ರೆಕ್ಕೆಯಂಚಿನ ಕಡೆ ನಿಂತರು. ದಾರ ಬಿಗಿದು ರಿಬ್ಬುಗಳ ಮೂಗಿನ ಮೇಲೆ ಕೂತಿತು, ಒಂದಾದ ಮೇಲೊಂದು ಎಲ್ಲವನ್ನೂ ಮುಟ್ಟುತ್ತ. ನನ್ನದೊಂದನ್ನು ಬಿಟ್ಟು. ದಾರಕ್ಕೂ ನನ್ನ ರಿಬ್ಬಿಗೂ ನಡುವೆ ಕಿರುಬೆರಳ ಉಗುರು ತೂರುವಷ್ಟು ಬೆಳಕು.

ಅಚ್ಚು ಸರಿಯಿಲ್ಲವೇ ಎಂದು ಹಳೆಯ ರಿಬ್ ತಂದು ಹೊಸದರ ಮೇಲಿಟ್ಟೆ. ಒಂದೇ ಅಚ್ಚು, ಒಂದೇ ಗೆರೆ. ಇನ್ನಷ್ಟು ಗೊಂದಲವಾಯಿತು. ಮೇಷ್ಟ್ರು ರಟ್ಟಿನ ತುಂಡೊಂದನ್ನು ಪಕ್ಕದ ರಿಬ್ಬಿನ ಮೂಗಿಗೆ ಹೊಂದುವಂತೆ ಕತ್ತರಿಸಿ ಕತ್ತರಿಸಿ ಸರಿಮಾಡಿದರು. ಅದನ್ನು ಅದರಾಚೆಯದಕ್ಕೆ ಹಿಡಿದರು, ಕೂತಿತು. ಬಲರೆಕ್ಕೆಯದಕ್ಕೆ ಮಗುಚಿ ಹಿಡಿದರು, ಕೂತಿತು. ನನ್ನ ಹಳೆಯ ರಿಬ್ಬಿಗೆ ಹಿಡಿದರು. ಮೂಗಿನ ಮೇಲ್ಭಾಗ ತಗ್ಗಿತ್ತು.

"ನೋಡಪ್ಪ, ನೀನು ತಪ್ಪು ಮಾಡಿಲ್ಲ. ಬೇರೆ ಯಾರೋ ಮಾಡಿದ ತಪ್ಪನ್ನು ಬಹಳ ಚೆನ್ನಾಗಿ ಮಾಡಿದ್ದೀಯ."

ಲಾಗ್‌ಬುಕ್ ತೆರೆದೆವು. ಹಳೆಯ ಸಂಪುಟದಲ್ಲಿ ಒಂದೇ ಸಾಲು: ಎಡರೆಕ್ಕೆಯ ತುದಿ ದುರಸ್ತಿ ಮಾಡಿದೆ. ಬಾಲಗಾಲಿಯ ವಿಮಾನಗಳು ಇಳಿಯುವಾಗ ಹಿಡಿತ ತಪ್ಪಿದರೆ ಗಿರ್ರನೆ ತಿರುಗಿ ರೆಕ್ಕೆ ನೆಲಕ್ಕೆ ಬಡಿಯುವುದುಂಟು. ಹಾಗೇ ಬಡಿದಿರಬೇಕು, ಯಾರೋ ನಜ್ಜುಗುಜ್ಜಾದ ರಿಬ್ಬನ್ನು ತಟ್ಟಿ ಒಂದು ಹದಕ್ಕೆ ತಂದು, ಡಬ್ಬಿಯ ರಿವೆಟ್ ಹೊಡೆದು, ಬಟ್ಟೆ ಮುಚ್ಚಿ ಕೈ ತೊಳೆದುಕೊಂಡಿದ್ದಾರೆ. ಬಣ್ಣವಿಲ್ಲದ ತಗಡು ಮತ್ತು ಆ ನಾಲ್ಕು ರಿವೆಟ್ಟುಗಳು ಇದನ್ನೇ ಹೇಳುತ್ತಿದ್ದವು. ವಿಮಾನ ಮಾರಿದವರು, ಹಾರುವಾಗ ಎಡಕ್ಕೆ ಸ್ವಲ್ಪ ವಾಲುತ್ತದೆ, ಕೈ ಒತ್ತಿ ಹಿಡಿದರಾಯಿತು ಅಂದಿದ್ದರು. ಅದಕ್ಕೆ ಈ ಒಂದು ರಿಬ್ ಕಾರಣವೇ ಎಂದು ಕೇಳಿದೆ. ಮೇಷ್ಟ್ರು ಭುಜ ಹಾರಿಸಿದರು. ಒಂದು ರಿಬ್ಬಿನ ಮೂಗು ತಗ್ಗಿದರೆ ಅಷ್ಟಾಗುತ್ತದೆಂದು ನನಗೂ ಅನ್ನಿಸುವುದಿಲ್ಲ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಈ ರೆಕ್ಕೆಯ ಅಗಲ ಬುಡದಿಂದ ತುದಿಯ ಹತ್ತಿರದವರೆಗೂ ಒಂದೇ. ರಿಬ್ಬುಗಳು ಒಡಹುಟ್ಟಿದವು, ಮೂಗೂ ಒಂದೇ. ಮೂಲ ಆಕಾರ ನನ್ನ ಕಣ್ಣೆದುರಿಗೇ ಸಾಲಾಗಿ ನಿಂತಿತ್ತು. ನಾನೋ, ಮೈಕ್ರೋಮೀಟರ್ ಹಿಡಿದು, ಅಲ್ಲಿದ್ದುದರಲ್ಲಿ ಕೆಟ್ಟುಹೋಗಿದ್ದ ಒಂದೇ ಒಂದನ್ನು ಅಳೆಯುತ್ತ ಕೂತಿದ್ದೆ. ಅದು ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿತ್ತು, ಅಳೆಯಲು ಸುಲಭ, ಅಷ್ಟೇ.

ಮರದ ಅಚ್ಚನ್ನು ತಿದ್ದಲು ಬರುವುದಿಲ್ಲ, ತಗ್ಗಿಗೆ ಮರ ಸೇರಿಸಬೇಕಲ್ಲ. ಹೊಸದೇ ಕೊರೆದೆ, ಈ ಸಲ ಮೇಷ್ಟ್ರ ರಟ್ಟನ್ನು ನಾಲ್ಕು ರಿಬ್ಬುಗಳಿಗೆ ಹಿಡಿದು ನೋಡಿ. ಮತ್ತೆ ಮೆತ್ತನೆಯ ತಗಡು, ನೆರಿಗೆ, ಕುಲುಮೆ, ಐಸ್ ಪೆಟ್ಟಿಗೆ, ನಾಲ್ಕು ದಿನ. ಎರಡನೆಯ ಸಲ ಮಾಡುವಾಗ ಅರ್ಧ ಸಮಯವೂ ಹಿಡಿಯಲಿಲ್ಲ, ಅರ್ಧ ಖುಷಿಯೂ ಇರಲಿಲ್ಲ. ನೋಡಲು ಮೊದಲಿನಷ್ಟು ಚಂದವೂ ಇಲ್ಲ. ಒಂದು ನೆರಿಗೆ ಓರೆಯಾಗಿದೆ. ದಾರ ಹಿಡಿದಾಗ ಮುಟ್ಟಿತು.

ಕ್ರೋಮೇಟ್ ಪ್ರೈಮರ್ ಬಳಿದು ಒಣಗಿಸಿ, ಕೊನೆಗೆ ರಿವೆಟ್. ನಾನು ಗನ್ ಹಿಡಿದೆ, ಗೆಳೆಯ ರೆಕ್ಕೆಯ ಹೊಟ್ಟೆಯೊಳಗೆ ಕೈ ತೂರಿಸಿ ಹಿಂದಿನಿಂದ ಉಕ್ಕಿನ ದಿಮ್ಮಿ ಒತ್ತಿದ. ಹೊಡೆದ ಮೇಲೆ ಆಚೆ ಕಡೆಯ ತಲೆ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಆರನೆಯದು ಓರೆಯಾಯಿತು, ಕೊರೆದು ತೆಗೆದು ಮತ್ತೆ ಹೊಡೆದೆವು. ಮೇಷ್ಟ್ರು ಸಹಿ ಹಾಕಿದರು. ಲಾಗ್‌ಬುಕ್ಕಿನಲ್ಲಿ ನಾವು ಬರೆದದ್ದು ಹನ್ನೊಂದು ಸಾಲು: ಯಾವ ರಿಬ್, ಯಾವ ತಗಡು, ಆಕಾರ ಎಲ್ಲಿಂದ ತೆಗೆದದ್ದು, ಎಲ್ಲ. ಅಷ್ಟೊಂದು ಯಾಕೆ ಅಂದ ಗೆಳೆಯ. ಪಾಪ್ ರಿವೆಟ್ ಹೊಡೆದವನ ಆ ಒಂದು ಸಾಲನ್ನು ತೋರಿಸಿದೆ.

ಮನೆಗೆ ಹೋದಾಗ ಹೆಂಡತಿ ಕೇಳಿದಳು, "ಆ ಮೀನಿನ ತಲೆ ವಿಮಾನಕ್ಕೆ ಹಾಕಿದ್ರಾ?"

"ಅದನ್ನಲ್ಲ," ಅಂದೆ, "ಅದರ ತಮ್ಮನನ್ನ."