ಕ್ಯೂಸೆಕ್ ಸಂಗ್ರಹವಾಗುವುದಿಲ್ಲ

ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಸುದ್ದಿಯೆಂದರೆ ಬಹುಪಾಲು ನೀರಿನ ಲೆಕ್ಕವೇ. ಆ ಲೆಕ್ಕವನ್ನು ಬರೆಯುವವರು ಅಳತೆಗಳನ್ನು ಒಂದಕ್ಕೊಂದು ಬೆರೆಸುವುದು ಮಾತ್ರ ವರ್ಷದಿಂದ ವರ್ಷಕ್ಕೆ ತಪ್ಪದೆ ನಡೆದಿದೆ. ಜಲಾಶಯದಲ್ಲಿ ಐವತ್ತು ಸಾವಿರ ಕ್ಯೂಸೆಕ್ ನೀರು ಸಂಗ್ರಹವಾಗಿದೆ ಎಂಬ ಧಾಟಿಯ ವಾಕ್ಯ ಪ್ರತಿ ಆಷಾಢದಲ್ಲೂ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಕ್ಯೂಸೆಕ್ ಹರಿವಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಹಾಗಾಗಿ ‘ಸೆಕೆಂಡಿಗೆ ಇಷ್ಟು ಕ್ಯೂಸೆಕ್’ ಎಂದು ಬರೆಯುವುದೂ ತಪ್ಪೇ. ಸಂಗ್ರಹವನ್ನು ಹೇಳಬೇಕಾದದ್ದು ಟಿಎಂಸಿಯಲ್ಲಿ, ಎಂದರೆ ನೂರು ಕೋಟಿ ಘನ ಅಡಿಗಳಲ್ಲಿ.

ಇದು ಬರಿಯ ಪಂಡಿತರ ತಕರಾರಲ್ಲ. ಐವತ್ತು ಸಾವಿರ ಕ್ಯೂಸೆಕ್ ಒಳಹರಿವು ಒಂದು ಇಡೀ ದಿನ ಇದ್ದರೆ ಬರುವುದು 4.32 ಟಿಎಂಸಿ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಮಾತ್ರ ಆದ್ದರಿಂದ ಅಷ್ಟು ನೀರಿಗೆ ಅದು ಒಂದೇ ದಿನದೊಳಗೆ ತುಂಬಿ, ಮಿಕ್ಕದ್ದು ಗೇಟು ದಾಟಿ ಶಿವಮೊಗ್ಗ ನಗರದ ಪಕ್ಕದಲ್ಲೇ ಹರಿದುಹೋಗುತ್ತದೆ. ಸುಮಾರು 151 ಟಿಎಂಸಿ ಹಿಡಿಯುವ ಲಿಂಗನಮಕ್ಕಿ ಅದೇ ಹರಿವಿನಲ್ಲಿ ಬರಿದಾದ ಸ್ಥಿತಿಯಿಂದ ತುಂಬಲು ತಿಂಗಳು ದಾಟಬೇಕು. ಗಾಜನೂರು ತುಂಬಿತೆಂಬ ಸುದ್ದಿಗೂ ಲಿಂಗನಮಕ್ಕಿ ತುಂಬಿತೆಂಬ ಸುದ್ದಿಗೂ ಒಂದೇ ಗಾತ್ರದ ಶೀರ್ಷಿಕೆ ಕೊಟ್ಟರೆ ಓದುಗನಿಗೆ ತಿಳಿಯುವುದೇನು?

ಮಟ್ಟದ ಅಂಕಿಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ ಎಂಬುದು ಸಮುದ್ರ ಮಟ್ಟದಿಂದ ಅಳೆದ ಎತ್ತರ, ನೀರಿನ ಆಳವಲ್ಲ. ಭದ್ರಾ ಜಲಾಶಯದ 186 ಅಡಿಯನ್ನು ಸಮುದ್ರ ಮಟ್ಟದಿಂದ ಎಣಿಸುವುದಿಲ್ಲ, ತುಂಗೆಯ 588.24 ಮತ್ತೆ ಸಮುದ್ರ ಮಟ್ಟದಿಂದಲೇ, ಆದರೆ ಮೀಟರುಗಳಲ್ಲಿ. ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವ ವರದಿಗಾರ, ಲಿಂಗನಮಕ್ಕಿಯಲ್ಲಿ ಸಾವಿರದೆಂಟುನೂರು ಅಡಿ ನೀರಿದೆ ಎಂದು ಬರೆದುಬಿಡುತ್ತಾನೆ. ಅಷ್ಟು ನೀರು ನಿಲ್ಲಬೇಕಾದರೆ ಜೋಗದ 830 ಅಡಿಯ ಎರಡು ಪಟ್ಟಿಗಿಂತ ಎತ್ತರದ ಅಣೆಕಟ್ಟು ಬೇಕಾಗುತ್ತದೆ! ಲಿಂಗನಮಕ್ಕಿ ತುಂಬಿದ್ದಕ್ಕೆ ನಾಲೆಯ ರೈತರು ಹರ್ಷಗೊಂಡರು ಎಂದು ಬರೆಯುವವರೂ ಇದ್ದಾರೆ. ಅದು ವಿದ್ಯುತ್ತಿಗಾಗಿ ಕಟ್ಟಿದ್ದು. ನಾಲೆಯ ನೀರಿಗೆ ಕಾಯುವವರು ಭದ್ರಾ ಅಚ್ಚುಕಟ್ಟಿನವರು.

ಮಳೆಯ ವಿಷಯದಲ್ಲಿ ಈಚೆಗೆ ಮೇಘಸ್ಫೋಟ ಎಂಬ ಪದ ತೀರಾ ಅಗ್ಗವಾಗಿದೆ. ಹವಾಮಾನ ಇಲಾಖೆ ಆ ಪದವನ್ನು ಬಳಸುವುದು ಸಣ್ಣ ಪ್ರದೇಶವೊಂದರಲ್ಲಿ ಒಂದೇ ಗಂಟೆಯಲ್ಲಿ 100 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದಾಗ. ಹುಲಿಕಲ್ಲಿನಲ್ಲೋ ಆಗುಂಬೆಯಲ್ಲೋ ಹಗಲೂ ರಾತ್ರಿ ಬಿಡದೆ ಹೊಯ್ದು 200 ಮಿಲಿಮೀಟರ್ ದಾಟಿದರೆ ಅದು ಭಾರೀ ಮಳೆ ನಿಜ, ಆದರೆ ಸ್ಫೋಟವಲ್ಲ.

ವಿಚಿತ್ರವೆಂದರೆ, ಅದೇ ಪತ್ರಿಕೆಯ ಮೂಲೆಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂದು ಅಚ್ಚಾಗುವ ಪುಟ್ಟ ಕೋಷ್ಟಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅಂಕಿಗಳು ಅಲ್ಲಿಂದ ಎದ್ದು ವರದಿಯ ವಾಕ್ಯಕ್ಕೆ ಬರುವಾಗಲೇ ಕೆಡುತ್ತವೆ. ನಮ್ಮ ಕಡೆಯ ಹಳೆಯ ಓದುಗರು ಶೀರ್ಷಿಕೆಯನ್ನು ಬಿಟ್ಟು ನೇರವಾಗಿ ಕೋಷ್ಟಕಕ್ಕೆ ಹೋಗುವುದು ಇದೇ ಕಾರಣಕ್ಕೆ ಇರಬೇಕು.