ಸಾವನದುರ್ಗ: ಬಿಸಿಲೇರುವ ಮುಂಚೆ ಹತ್ತಿ ಇಳಿದ ಬೆಳಗು

ಈ ಬೇಸಿಗೆಯ ಅಭ್ಯಾಸವೆಲ್ಲ ಒಂದೇ ಗುರಿಗೆ: ಮಳೆಗಾಲ ಮುಗಿದ ಮೇಲೆ ಕುಮಾರ ಪರ್ವತ. ಶಿಖರ 1712 ಮೀಟರ್ ಎತ್ತರದಲ್ಲಿದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಹೆಚ್ಚುಕಮ್ಮಿ 1600 ಮೀಟರ್ ಹತ್ತಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಘಟ್ಟದ ಎಷ್ಟೋ ಚಾರಣದ ದಾರಿಗಳನ್ನು ಅರಣ್ಯ ಇಲಾಖೆ ಮುಚ್ಚುತ್ತದೆ, ಮುಚ್ಚಬೇಕಾದದ್ದೇ. ಹಾಗಾಗಿ ನಾನೂ ಗೆಳತಿಯೂ ಬೆಂಗಳೂರಿನ ಸುತ್ತಲಿನ ಕಲ್ಲುಬೆಟ್ಟಗಳಲ್ಲಿ ಕಾಲು ಪಳಗಿಸುತ್ತಿದ್ದೇವೆ. ಹಿಂದಿನ ಸಲ ಶಿವಗಂಗೆ. ಈ ಸಲ ಮಾಗಡಿ ಹತ್ತಿರದ ಸಾವನದುರ್ಗ, 1226 ಮೀಟರ್.

ತಳದಿಂದ ತುದಿಗೆ ಸುಮಾರು 400 ಮೀಟರ್ ಏರಿಕೆ. ಅಂದರೆ ಕುಮಾರ ಪರ್ವತದ ಕಾಲುಭಾಗ. ಕೇಳಲು ಸಣ್ಣದು. ಆದರೆ ಏಪ್ರಿಲ್ ಕೊನೆಯಲ್ಲಿ ಈ ಬೆಟ್ಟದ ಕಷ್ಟವನ್ನು ಎತ್ತರದಿಂದ ಅಳೆಯುವುದಕ್ಕಾಗುವುದಿಲ್ಲ, ಗಡಿಯಾರದಿಂದ ಅಳೆಯಬೇಕು. ಅದನ್ನೇ ಈ ಸಲ ಸರಿಯಾಗಿ ಬರೆದಿಟ್ಟುಕೊಳ್ಳೋಣ ಅಂತ ಗೆಳತಿ ಅಡುಗೆಮನೆಯ ಇನ್ಫ್ರಾರೆಡ್ ಥರ್ಮಾಮೀಟರನ್ನೇ ಬ್ಯಾಗಿಗೆ ಹಾಕಿಕೊಂಡು ಬಂದಿದ್ದಳು. ಬಂಡೆಗೆ ಹಿಡಿದು ಗುಂಡಿ ಒತ್ತಿದರೆ ಎಷ್ಟು ಕಾದಿದೆ ಅಂತ ತಿಳಿಯುತ್ತದೆ.

ಸ್ಕೂಟರಿನಲ್ಲಿ ಮಾಗಡಿ ರಸ್ತೆ ಹಿಡಿದು, ಬೆಳಕು ಹರಿಯುವ ಹೊತ್ತಿಗೆ ವೀರಭದ್ರಸ್ವಾಮಿ ದೇವಸ್ಥಾನದ ಮುಂದೆ ನಿಂತಿದ್ದೆವು. ತಲಾ ಮೂರು ಲೀಟರ್ ನೀರು, ಒಂದು ಬಾಟಲಿ ಉಪ್ಪು-ಸಕ್ಕರೆ-ನಿಂಬೆ ಪಾನಕ, ಚಿತ್ರಾನ್ನ, ಎರಡು ಸೌತೆಕಾಯಿ. 6.30ಕ್ಕೆ ಮೊದಲ ಬಂಡೆಯ ಮೇಲೆ ಕಾಲಿಟ್ಟಾಗ ಥರ್ಮಾಮೀಟರ್ ತೋರಿಸಿದ್ದು 23 ಡಿಗ್ರಿ. ಅಂಗೈ ಇಟ್ಟರೆ ತಣ್ಣಗೆ ಹಿತವಾಗಿತ್ತು.

ಕೆಳಗಿನ ಕುರುಚಲು ಕಾಡು ಪೂರ್ತಿ ಒಣಗಿದೆ. ದಿಂಡಿಗ, ಹುರುಗಲು ಮರಗಳಲ್ಲಿ ಎಲೆ ಕಮ್ಮಿ, ಹುಲ್ಲು ಬೂದುಬಣ್ಣಕ್ಕೆ ತಿರುಗಿದೆ. ಬೀಡಿ-ಸಿಗರೇಟು ಇಲ್ಲಿ ಯಾರೂ ಹಚ್ಚಬಾರದು. ಇದನ್ನು ಎಷ್ಟು ಸಲ ಬರೆದರೂ ಕಮ್ಮಿಯೇ. ಕಾಡು ದಾಟಿದ ಮೇಲೆ ಬರೀ ಬಂಡೆ. ದಾರಿ ಅಂತ ಏನೂ ಇಲ್ಲ, ಕಲ್ಲಿನ ಮೇಲೆ ಬಳಿದ ಬಾಣದ ಗುರುತು ನೋಡಿಕೊಂಡು ಹತ್ತಬೇಕು.

ಈ ಬಂಡೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಇದು ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಶಿಲೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರೇ ಇದಕ್ಕೂ ಉಳಿದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಗಟ್ಟಿಯಾದ ಕಲ್ಲು, ಮೇಲಿನ ಭಾರ ಸವೆದುಹೋದಂತೆ ಹಿಗ್ಗಿ, ಈರುಳ್ಳಿಯ ಸಿಪ್ಪೆ ಹಾಗೆ ಪದರಪದರವಾಗಿ ಬಿಡುತ್ತದೆ. ಬೆಟ್ಟ ಇಷ್ಟು ನುಣ್ಣಗೆ, ದುಂಡಗೆ ಕಾಣುವುದು ಅದಕ್ಕೇ. ಆದರೆ ಹತ್ತಿರದಿಂದ ನೋಡಿದರೆ ನುಣುಪಿಲ್ಲ. ಉಗುರಿನಷ್ಟು ದೊಡ್ಡ ತಿಳಿ ಗುಲಾಬಿ ಹರಳುಗಳು ಮೇಲೆದ್ದು ನಿಂತಿವೆ, ನಡುವಿನ ಕಪ್ಪು ಚೂರುಗಳು ಉದುರಿ ಸಣ್ಣ ಗುಳಿ ಬಿದ್ದಿದೆ. ಶೂ ಹಿಡಿತ ಸಿಗುವುದು ಈ ಹರಳುಗಳಿಂದಲೇ. ಮೇಲಿಂದ ಕೆಳಗೆ ಇಳಿದಿರುವ ಕರಿ ಪಟ್ಟೆಗಳು ಮಳೆನೀರು ಹರಿಯುವ ಜಾಡು; ಪಾಚಿಯಂಥದ್ದು ಒಣಗಿ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅದರ ಮೇಲೂ ನಡೆಯಬಹುದು, ನಾಲ್ಕು ಹನಿ ಬಿದ್ದರೆ ಸಾಕು, ನಿಲ್ಲಲಾಗದು.

ನಡುದಾರಿಯಲ್ಲಿ ಕೋಟೆಯ ಗೋಡೆಗಳು. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ದುರ್ಗ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ವಶವಾಯಿತು. 1791ರ ಡಿಸೆಂಬರಿನಲ್ಲಿ, ಮೂರನೇ ಮೈಸೂರು ಯುದ್ಧದ ಹೊತ್ತಿಗೆ, ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನವರಿಂದ ಇದನ್ನು ಕಿತ್ತುಕೊಂಡಿತು. ಬರಿಗೈಯಲ್ಲಿ ಹತ್ತುವುದಕ್ಕೇ ಏದುಸಿರು ಬರುವ ಇಳಿಜಾರಿನಲ್ಲಿ ಈ ಕಲ್ಲುಗಳನ್ನು ಹೊತ್ತು ತಂದು ಜೋಡಿಸಿದವರು ಯಾರೋ, ಅವರ ಹೆಸರು ಎಲ್ಲೂ ಬರೆದಿಲ್ಲ. ಗೋಡೆಯ ನೆರಳಲ್ಲಿ ಐದು ನಿಮಿಷ ಕೂತು ಸೌತೆಕಾಯಿ ತಿಂದೆವು.

8.20ಕ್ಕೆ ತುದಿಯ ನಂದಿ ಮಂಟಪ. ಬಂಡೆ 31 ಡಿಗ್ರಿ. ಮಳೆಗಾಲದಲ್ಲಿ ನೀರು ನಿಲ್ಲುವ ಗುಂಡಿಗಳಲ್ಲಿ ಈಗ ಬಿರಿದ ಕೆಸರಿನ ಹಪ್ಪಳ ಮಾತ್ರ. ಕೆಳಗೆ ಮಂಚನಬೆಲೆ ಜಲಾಶಯ ಮಬ್ಬಿನಲ್ಲಿ ಕಂಡಿತು, ನೀರು ದಡದಿಂದ ಬಹಳ ಒಳಗೆ ಸರಿದಿದೆ. ನಾನು ಆಸೆಪಟ್ಟು ಬಂದದ್ದು ಹಳದಿ ಕೊರಳಿನ ಪಿಕಳಾರಕ್ಕೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಕಾಣಲಿಲ್ಲ. ಕೆಳಗಿನ ಪೊದೆಯಿಂದ ಪಿಕಳಾರದ ಕೂಗು ಬಂದಂತಾಯಿತು, ಆದರೆ ಕೂಗೊಂದನ್ನೇ ನಂಬಿ ಪಟ್ಟಿಗೆ ಸೇರಿಸಲು ಮನಸ್ಸೊಪ್ಪಲಿಲ್ಲ.

ಇನ್ನೊಂದು ಅರ್ಧ ಗಂಟೆ ಕೂರುವ ಆಸೆ ನನಗೆ. ಗೆಳತಿ ಎದ್ದೇಬಿಟ್ಟಳು. "ಸೂರ್ಯ ನೆತ್ತಿಗೆ ಬರೋವರೆಗೂ ಟೈಮಿದೆ ಅನ್ಕೋಬೇಡ ಕಣೇ, ಹತ್ತಕ್ಕೆಲ್ಲ ಕಲ್ಲು ಸುಡೋಕೆ ಶುರುವಾಗುತ್ತೆ." ಅವಳ ತಾಯಿಯ ತವರು ಮಾಗಡಿ ಕಡೆಯ ಹಳ್ಳಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಅವಳಜ್ಜಿ ಹೇಳುತ್ತಿದ್ದರಂತೆ. ಅದೇ ಭರಣಿ ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಬಂದರೆ ಮರವಿಲ್ಲದ ಈ ತುದಿಯಲ್ಲಿ ಎಲ್ಲಿ ಅಡಗುವುದು? ಮಂಟಪವೇ ಎಲ್ಲಕ್ಕಿಂತ ಎತ್ತರದ ಜಾಗ.

ನನ್ನ ಪ್ರಕಾರ ಈ ಬೆಟ್ಟದ ನಿಜವಾದ ಪಾಠ ಇರುವುದು ಇಳಿಯುವುದರಲ್ಲಿ. ಶಿವಗಂಗೆಯಲ್ಲಿ ಮೆಟ್ಟಿಲಿಳಿಯುವಾಗ ಗೆಳತಿಗೆ ಎಡಮಂಡಿ ನೋವು ಬಂದಿತ್ತು. ಪ್ರತಿ ಮೆಟ್ಟಿಲಿಗೂ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಧೊಪ್ಪನೆ ಬೀಳುತ್ತದೆ. ಇಲ್ಲಿ ಮೆಟ್ಟಿಲಿಲ್ಲ. ನೇರ ಇಳಿಯದೆ ಅಡ್ಡಡ್ಡ ಹಾವುನಡೆಯಲ್ಲಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಬಂಡೆಗೆ ಊರಿ ಇಳಿದೆವು. ಭಯವಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲಿದರೆ ಹಿಮ್ಮಡಿಯ ಅಂಚು ಮಾತ್ರ ತಾಗಿ ಜಾರುವುದೇ ಹೆಚ್ಚು. ಎದೆಯನ್ನು ಪಾದದ ನೇರಕ್ಕೆ ತರುವುದು ಧೈರ್ಯದ ಕೆಲಸ, ಆದರೆ ತಂದ ಕ್ಷಣವೇ ಶೂ ಕಚ್ಚಿ ಹಿಡಿಯುತ್ತದೆ. ಇಳಿಜಾರು ಹೆಚ್ಚಿದ್ದ ಕಡೆ ಗೆಳತಿ ನನ್ನಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದಳು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಚಾರಣದ ಕೋಲಿನ ಲೋಹದ ತುದಿ ಗ್ರಾನೈಟಿನ ಮೇಲೆ ಕಿರ್ರೆಂದು ಜಾರುತ್ತದೆ, ರಬ್ಬರ್ ಟೋಪಿ ಹಾಕಿದರೆ ಸರಿಹೋಗುತ್ತದೆ. ಕೆಳಗೆ ತಲುಪುವವರೆಗೂ ಅವಳ ಮಂಡಿ ತಕರಾರು ಮಾಡಲಿಲ್ಲ. ಇಡೀ ದಿನದಲ್ಲಿ ನನಗೆ ಅತಿ ಸಂತೋಷ ಕೊಟ್ಟ ವಿಷಯ ಇದೇ.

9.30ರ ಹೊತ್ತಿಗೆ ಎದುರಿಗೆ ಇಬ್ಬರು ಹುಡುಗರು ಹತ್ತಿ ಬರುತ್ತಿದ್ದರು. ಇಬ್ಬರಿಗೂ ಸೇರಿ ಅರ್ಧ ಲೀಟರ್ ನೀರು, ಒಬ್ಬನ ಕಾಲಿನಲ್ಲಿ ಹವಾಯಿ ಚಪ್ಪಲಿ.

"ಅಕ್ಕಾ, ಇನ್ನೆಷ್ಟು ದೂರ?"

"ಹತ್ತೋದು ಮುಕ್ಕಾಲು ಗಂಟೆ ಇರಬಹುದು. ಇಳಿಯೋ ಹೊತ್ತಿಗೆ ಹನ್ನೊಂದಾಗುತ್ತಪ್ಪ. ಕಲ್ಲು ಮುಟ್ಟಿ ನೋಡು."

ಚಪ್ಪಲಿಯ ಹುಡುಗ ಬಗ್ಗಿ ಅಂಗೈ ಇಟ್ಟು ತಕ್ಷಣ ತೆಗೆದ. ಗೆಳತಿ ಒಂದು ಬಾಟಲಿ ನೀರು ಕೊಟ್ಟಳು. ಕೋಟೆ ಗೋಡೆಯ ನೆರಳಿನವರೆಗೆ ಹೋಗಿ ವಾಪಸ್ ಬರುತ್ತೇವೆ ಅಂದರು, ಹಾಗೇ ಮಾಡಿದರು. ನಾವು ದೇವಸ್ಥಾನದ ಹತ್ತಿರ ಚಿತ್ರಾನ್ನ ತಿನ್ನುತ್ತಿದ್ದಾಗ ಕೆಳಗೆ ಬಂದು ಕೈಬೀಸಿದರು.

ನಾವು ಕೊನೆಯ ಬಂಡೆ ಬಿಟ್ಟದ್ದು 10.10ಕ್ಕೆ. ಥರ್ಮಾಮೀಟರ್: 41 ಡಿಗ್ರಿ. ಅಂದರೆ ತುದಿಯಲ್ಲಿ ನೋಡಿದ್ದಕ್ಕಿಂತ ಎರಡೇ ಗಂಟೆಯೊಳಗೆ 10 ಡಿಗ್ರಿ ಏರಿತ್ತು. ನನ್ನ ಮೂರು ಲೀಟರಿನಲ್ಲಿ ಉಳಿದದ್ದು ಒಂದು ಲೋಟದಷ್ಟು. ಬೇಸಿಗೆಯಲ್ಲಿ ಇಲ್ಲಿಗೆ ಬರುವವರಿಗೆ ನಾನು ಹೇಳುವುದಿಷ್ಟೇ: ಹತ್ತು ಗಂಟೆಗೆ ಕೆಳಗಿರುವಂತೆ ಲೆಕ್ಕ ಹಾಕಿ, ಎಲ್ಲಿದ್ದರೂ 8.45ಕ್ಕೆ ತಿರುಗಿ. ತುದಿ ಕಣ್ಣೆದುರೇ ಇದ್ದರೂ ಸರಿ.

ಮುಂದಿನ ಹೆಜ್ಜೆ ಭಾರ ಹೊರುವುದು. ಕುಮಾರ ಪರ್ವತಕ್ಕೆ ಬೆನ್ನಮೇಲೆ ಏಳೆಂಟು ಕೆ.ಜಿ. ಬೇಕಾಗಬಹುದು, ಈಗ ನಾವು ಹೊರುತ್ತಿರುವುದು ಅದರ ಅರ್ಧ. ಗೆಳತಿಯ ಯೋಜನೆ ಹೀಗಿದೆ: ಕುಡಿಯುವ ನೀರಿನ ಜೊತೆ ನಾಲ್ಕು ಲೀಟರ್ ಹೆಚ್ಚುವರಿ ನೀರು ತುಂಬಿಕೊಂಡು ಹತ್ತುವುದು, ತುದಿಯಲ್ಲಿ ಅದನ್ನು ಗಿಡಗಳಿಗೆ ಸುರಿದು ಹಗುರಾಗಿ ಇಳಿಯುವುದು. ಹತ್ತುವಾಗ ಕಾಲಿಗೆ ಬಲ, ಇಳಿಯುವಾಗ ಮಂಡಿಗೆ ರಕ್ಷಣೆ. ಅದನ್ನು ಶಿವಗಂಗೆಯ ಮೆಟ್ಟಿಲುಗಳಲ್ಲೇ ನೋಡುತ್ತೇವೆ, ಮಂಡಿಯ ಉತ್ತರ ಅಲ್ಲೇ ಸಿಗಬೇಕು. ಅದು ಸರಿಹೋದರೆ ಮಳೆ ಬಿಟ್ಟ ಮೇಲೆ ಸರ್ಪಧಾರಿಯಿಂದ ಮುಳ್ಳಯ್ಯನಗಿರಿ, ಆಮೇಲೆ ಕುಕ್ಕೆಗೆ ಬಸ್ ಟಿಕೆಟ್.